ಎಂಟೂವರೆ ಅಡಿ ಸೂರಿನ ಗ್ಯಾರೇಜಿಗೆ ಕಾರ್ ಲಿಫ್ಟ್ ಹಾಕಬಹುದಾ?

ಓದುಗರ ಪ್ರಶ್ನೆ: "ನಮ್ಮ ಮನೆ ಗ್ಯಾರೇಜಿನ ಸೂರು 8 ಅಡಿ 6 ಇಂಚು. ನಡುವೆ ಒಂದು ತೊಲೆ ಹಾದು ಹೋಗುತ್ತದೆ, ಅದರ ಕೆಳಗೆ 8 ಅಡಿ 2 ಇಂಚು ಮಾತ್ರ. ಬಾಗಿಲು ಮೇಲಕ್ಕೆ ಸರಿದು ಸೂರಿನ ಕೆಳಗೆ ಅಡ್ಡಡ್ಡ ಮಲಗುವಂಥದ್ದು. ನನ್ನ ಹತ್ತಿರ ಒಂದು ಸೆಡಾನ್ ಇದೆ, ಎತ್ತರ 4 ಅಡಿ 10 ಇಂಚು. ಒಂದು ಎಸ್‌ಯುವಿ, 5 ಅಡಿ 9 ಇಂಚು. ಆಯಿಲ್, ಬ್ರೇಕ್, ಸಸ್ಪೆನ್ಷನ್ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ಜಾಕ್ ಸ್ಟ್ಯಾಂಡ್ ಮೇಲೆ ಕಾರು ಇಟ್ಟು ನೆಲದಲ್ಲಿ ಮಲಗಿ ಮಲಗಿ ಸಾಕಾಗಿದೆ. ವರ್ಕ್‌ಶಾಪ್ ಮುಚ್ಚುತ್ತಿರುವ ಒಬ್ಬರು ಎರಡು ಕಂಬದ ಹಳೆ ಲಿಫ್ಟ್ ಕೊಡುತ್ತೇನೆ ಅಂತಿದ್ದಾರೆ, ಅದರ ಎತ್ತರ ಹನ್ನೆರಡು ಅಡಿ ಹತ್ತಿರ. ಕಂಬ ಕತ್ತರಿಸಿ ಹಾಕಿಕೋ ಅಂತ ಒಬ್ಬ ಗೆಳೆಯ, ನೆಲ ಅಗೆದು ತಗ್ಗು ಮಾಡಿಸು ಅಂತ ಇನ್ನೊಬ್ಬ. ಈ ಸೂರಿಗೆ ಲಿಫ್ಟ್ ಸಹವಾಸವೇ ಬೇಡ ಅಂತ ಮನೆಯವರು. ಹಾಕಿದರೆ ಎರಡೂ ಕಾರುಗಳನ್ನು ಒಂದರ ಮೇಲೊಂದು ನಿಲ್ಲಿಸಬಹುದಾ? ನೆಲದ ಕಾಂಕ್ರೀಟ್ ಎಷ್ಟು ದಪ್ಪ ಇದೆಯೋ ಗೊತ್ತಿಲ್ಲ."

ಉತ್ತರ:

ಲಿಫ್ಟ್ ಹಾಕಬಹುದು. ಆದರೆ ನಿಮಗೆ ಕೊಡುತ್ತೇನೆ ಅಂತಿರುವ ಆ ಲಿಫ್ಟ್ ಅಲ್ಲ. ಎರಡು ಕಾರನ್ನು ಒಂದರ ಮೇಲೊಂದು ನಿಲ್ಲಿಸುವ ಆಸೆಯನ್ನೂ ಇಲ್ಲೇ ಬಿಟ್ಟುಬಿಡಿ. ಸೆಡಾನ್ 58 ಇಂಚು, ಎಸ್‌ಯುವಿ 69 ಇಂಚು, ನಡುವೆ ಲಿಫ್ಟಿನ ಹಲಗೆ 5 ಇಂಚು, ಮೇಲೆ ಕೆಳಗೆ ಒಂದಿಷ್ಟು ಸಂದು. ಎಲ್ಲ ಸೇರಿ ಹನ್ನೊಂದು ಅಡಿ ದಾಟುತ್ತದೆ. ಎರಡೂ ಸೆಡಾನ್ ಆಗಿದ್ದರೂ ಹತ್ತು ಅಡಿ ಮೀರುತ್ತಿತ್ತು.

ಇನ್ನು ಅಸಲು ವಿಷಯ. ಸೂರು ಗಿಡ್ಡ ಇರುವವರು ಲಿಫ್ಟ್ ಹುಡುಕುವಾಗ ಮೊದಲು ನೋಡುವುದು ಕಂಬದ ಎತ್ತರ, ಆಮೇಲೆ ಅದು ಎಷ್ಟು ಎತ್ತರಕ್ಕೆ ಎತ್ತುತ್ತದೆ ಅನ್ನುವುದು. ಕಂಬ ಸೂರಿನ ಕೆಳಗೆ ಹಿಡಿಸಿತು, ಕೈಪಿಡಿಯಲ್ಲಿ ಆರಡಿ ಎತ್ತುತ್ತದೆ ಅಂತ ಬರೆದಿದೆ, ಸರಿ, ಆರ್ಡರ್ ಮಾಡಿಯೇ ಬಿಟ್ಟರು. ಆದರೆ ಆರಡಿ ಎತ್ತಬೇಕಾದರೆ ಕಾರಿನ ತಲೆ ಎಲ್ಲಿಗೆ ಹೋಗಬೇಕು? ಲಿಫ್ಟ್ ಎಷ್ಟೇ ಬಲಶಾಲಿ ಆಗಿರಲಿ, ಎಷ್ಟೇ ದುಬಾರಿ ಆಗಿರಲಿ, ಸೂರಿನ ಎತ್ತರದಲ್ಲಿ ಕಾರಿನ ಎತ್ತರ ಕಳೆದರೆ ಏನು ಉಳಿಯುತ್ತದೋ ಅಷ್ಟೇ ನಿಮಗೆ ಸಿಗುವುದು. ಗಿಡ್ಡ ಕಂಬದ ಲಿಫ್ಟ್ ತಂದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ನಿಮ್ಮ ಅಳತೆಗಳನ್ನೇ ಹಾಕಿ ನೋಡೋಣ. ತೊಲೆಯ ಕೆಳಗೆ 98 ಇಂಚು. ಕಾರಿನ ತಲೆಗೂ ತೊಲೆಗೂ ಕನಿಷ್ಠ 4 ಇಂಚು ಸಂದು ಬಿಡಿ. ಸೆಡಾನ್ 58. ಉಳಿದದ್ದು 36 ಇಂಚು, ಅಂದರೆ ಮೂರು ಅಡಿ. ಕಾರನ್ನು ಎತ್ತಿ ಹಿಡಿಯುವ ಜಾಗ, ಬಾಗಿಲ ಕೆಳಗಿನ ಅಂಚು, ನೆಲದಿಂದ ಮೊದಲೇ 8 ಇಂಚಿನಷ್ಟು ಮೇಲಿರುತ್ತದೆ. ಹಾಗಾಗಿ ಪೂರ್ತಿ ಎತ್ತಿದಾಗ ಆ ಅಂಚು ನೆಲದಿಂದ ಸುಮಾರು 44 ಇಂಚು ಮೇಲೆ. ಎಸ್‌ಯುವಿಗೆ ಇದೇ ಲೆಕ್ಕ ಹಾಕಿದರೆ ಎತ್ತುವುದು ಬರೀ 25 ಇಂಚು. ಅದರ ಹೊಟ್ಟೆ ಹೇಗೂ ಸ್ವಲ್ಪ ಮೇಲಿರುವುದರಿಂದ ಕೆಳಗೆ ಮೂರಡಿಯ ಹತ್ತಿರ ಜಾಗ ಆಗುತ್ತದೆ. ಮೇಲೆ ರೂಫ್ ರ‍್ಯಾಕ್ ಇದ್ದರೆ, ಆಂಟೆನಾ ಇದ್ದರೆ, ಅದನ್ನೂ ಕಳೆಯಿರಿ. ಕಂಪನಿಯವರು ಕೊಡುವ ಎತ್ತರದಲ್ಲಿ ಕೆಲವೊಮ್ಮೆ ಇವು ಸೇರಿರುವುದೇ ಇಲ್ಲ. ಟೇಪ್ ಹಿಡಿದು ನೀವೇ ಅಳೆಯಿರಿ.

44 ಇಂಚು ಅಂದರೆ ನಿಂತು ಕೆಲಸ ಮಾಡುವಷ್ಟಿಲ್ಲ, ನಿಜ. ನಡುವಯಸ್ಸಿನ, ನಡುಎತ್ತರದ ಮನುಷ್ಯ ಸೆಡಾನ್ ಕೆಳಗೆ ತಲೆ ತಗ್ಗಿಸದೆ ನಿಲ್ಲಬೇಕು ಅಂದರೆ ಸೂರು ಹತ್ತೂವರೆ ಅಡಿಯಾದರೂ ಬೇಕು. ಆದರೆ ಚಕ್ರದ ಸ್ಟೂಲ್ ಮೇಲೆ ಕುಳಿತು ಆಯಿಲ್ ಇಳಿಸಲು, ಬ್ರೇಕ್ ಪ್ಯಾಡ್ ಬದಲಿಸಲು, ಸಸ್ಪೆನ್ಷನ್ ಬುಷ್ ಹಾಕಲು ಇದು ಧಾರಾಳ ಆಯಿತು. ಬ್ರೇಕಿನ ಕೆಲಸಕ್ಕಂತೂ ಚಕ್ರ ಎದೆಮಟ್ಟಕ್ಕೆ ಬಂದರೆ ಸಾಕು, ಅದಕ್ಕಿಂತ ಮೇಲೆ ಹೋದರೆ ಕೈ ನೋವು. ಹೆಚ್ಚು ಕಡಿಮೆ ಮನೆಯಲ್ಲಿ ಮಾಡಿಕೊಳ್ಳುವ ಕೆಲಸವೆಲ್ಲ ಕುಳಿತು ಮಾಡುವಂಥದ್ದೇ. ಒಂದು ಕೆಲಸ ಮಾಡಿ ನೋಡಿ, ಖರ್ಚಿಲ್ಲ. ಎರಡು ಏಣಿಗಳ ನಡುವೆ 44 ಇಂಚು ಎತ್ತರದಲ್ಲಿ ಒಂದು ಹಲಗೆ ಕಟ್ಟಿ, ಅದರ ಕೆಳಗೆ ಸ್ಟೂಲ್ ಹಾಕಿ ಕುಳಿತು, ಸ್ಪ್ಯಾನರ್ ತಿರುಗಿಸಿದ ಹಾಗೆ ಕೈ ಆಡಿಸಿ. ಆಮೇಲೆ 35 ಇಂಚಿಗೆ ಇಳಿಸಿ, ಎಸ್‌ಯುವಿ ಕೆಳಗೆ ಹೇಗಿರುತ್ತದೆ ಅಂತ ನೋಡಿ. ಲಿಫ್ಟ್ ಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ಈಗ ನೀವು ಬರೆಯದೆ ಬಿಟ್ಟ ಅಳತೆ. ಬಾಗಿಲು ತೆರೆದು ಸೂರಿನ ಕೆಳಗೆ ಮಲಗಿದಾಗ ಅದು ಎಷ್ಟು ಕೆಳಗಿರುತ್ತದೆ? ಇಂಥ ಬಾಗಿಲುಗಳು ಸಾಮಾನ್ಯವಾಗಿ ಸೂರಿನಿಂದ ಒಂದು ಅಡಿಯಷ್ಟು ಕೆಳಗೆ ತೂಗುತ್ತವೆ. ಮಧ್ಯದಲ್ಲಿ ಬಾಗಿಲು ಎಳೆಯುವ ಮೋಟಾರಿನ ಕಂಬಿ ಬೇರೆ. ಒಂದು ಅಡಿ ಅಂತ ಇಟ್ಟುಕೊಂಡರೆ ಬಾಗಿಲು ತೆರೆದಿರುವಾಗ ನಿಮ್ಮ ಸೂರು 102 ಅಲ್ಲ, 90 ಇಂಚು. ಸೆಡಾನನ್ನು 28 ಇಂಚು ಎತ್ತಬಹುದು, ಎಸ್‌ಯುವಿಯನ್ನು 17. ಹಾಗಾದರೆ ಬಾಗಿಲು ಮುಚ್ಚಿಕೊಂಡು ಎತ್ತಿದರಾಯಿತು ಅಲ್ವಾ? ಆಗಬಹುದು, ಎರಡು ಎಚ್ಚರ ಇದ್ದರೆ. ಮೊದಲನೆಯದು, ಕಾರು ಮೇಲಿರುವಾಗ ಯಾರೋ ಹೊರಗಿನಿಂದ ರಿಮೋಟ್ ಒತ್ತಿದರೆ ಬಾಗಿಲು ಸೀದಾ ಬಂದು ಕಾರಿನ ತಲೆಗೆ ಬಡಿಯುತ್ತದೆ. ಇದು ನಾನು ಊಹೆ ಮಾಡಿ ಹೇಳುತ್ತಿರುವ ಮಾತಲ್ಲ, ರಿಪೇರಿಗೆ ಕರೆಸಿಕೊಂಡವರ ಗ್ಯಾರೇಜಿನಲ್ಲಿ ನೋಡಿದ್ದು. ಲಿಫ್ಟ್ ಹತ್ತುವ ಮೊದಲು ಬಾಗಿಲಿನ ಮೋಟಾರಿನ ಪ್ಲಗ್ ಕಿತ್ತಿಡುವ ಅಭ್ಯಾಸ ಬೇಕು. ಎರಡನೆಯದು ಇನ್ನೂ ಗಂಭೀರ. ಮುಚ್ಚಿದ ಬಾಗಿಲ ಒಳಗೆ ಎಂಜಿನ್ ಓಡಿಸಲೇಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಸುತ್ತಿತು ಅನ್ನುವಷ್ಟರಲ್ಲಿ ಎದ್ದು ಬರುವ ಶಕ್ತಿಯೂ ಉಳಿದಿರುವುದಿಲ್ಲ. ಎಂಜಿನ್ ಓಡಿಸಿ ಸೋರಿಕೆ ನೋಡಬೇಕು ಅಂದರೆ ಬಾಗಿಲಿಗೆ ತಾಗದಷ್ಟು ಇಳಿಸಿ, ಬಾಗಿಲು ತೆರೆದು, ಆಮೇಲೆ ನೋಡಿ.

ಇದಕ್ಕೊಂದು ಒಳ್ಳೆಯ ದಾರಿಯೂ ಇದೆ. ಬಾಗಿಲಿನ ಹಳಿಗಳನ್ನು ಬದಲಿಸಿ, ಅದು ಗೋಡೆಯ ಮೇಲೆ ಇನ್ನಷ್ಟು ನೆಟ್ಟಗೆ ಹತ್ತಿ ಆಮೇಲೆ ತಿರುಗುವ ಹಾಗೆ ಮಾಡಬಹುದು. ಮೋಟಾರನ್ನು ಸೂರಿನಿಂದ ತೆಗೆದು ಪಕ್ಕದ ಗೋಡೆಗೆ, ಬಾಗಿಲಿನ ಶಾಫ್ಟಿನ ತುದಿಗೆ ಕೂರಿಸಬಹುದು. ನಡುವಿನ ಕಂಬಿ ಪೂರ್ತಿ ಹೋಗುತ್ತದೆ, ಬಾಗಿಲೂ ಕೆಲವು ಇಂಚು ಮೇಲೇರುತ್ತದೆ. ಗಿಡ್ಡ ಗ್ಯಾರೇಜಿನಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ಜಾಗ ಸಿಗುವುದು ಈ ಬದಲಾವಣೆಯಿಂದ, ಆದರೂ ಯಾರೂ ಮೊದಲು ಇದನ್ನು ಯೋಚಿಸುವುದಿಲ್ಲ, ಎಲ್ಲರಿಗೂ ಗುದ್ದಲಿ ಹಿಡಿಯುವ ಆತುರ. ಒಂದೇ ಮಾತು: ಬಾಗಿಲಿನ ಸ್ಪ್ರಿಂಗಿಗೆ ನೀವು ಕೈ ಹಾಕಬೇಡಿ. ಅದರಲ್ಲಿ ತುಂಬಿಟ್ಟಿರುವ ಬಲ ಕೈ ಮುರಿಯುವಷ್ಟಿರುತ್ತದೆ. ಬಾಗಿಲಿನ ಕೆಲಸ ಗೊತ್ತಿರುವವರೇ ಮಾಡಲಿ.

ಗುದ್ದಲಿ ಅಂದೆನಲ್ಲ, ನೆಲ ಅಗೆಯುವ ಸಲಹೆಗೆ ಬರೋಣ. ನೆಲವನ್ನು ಒಂದೆರಡು ಅಡಿ ಇಳಿಸಿದರೆ ಅಷ್ಟು ಜಾಗ ಸಿಗುತ್ತದೆ, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಗೋಡೆಯ ಪಾಯ ಎಷ್ಟು ಆಳಕ್ಕಿದೆ? ಪಾಯದ ತಳಕ್ಕಿಂತ ಕೆಳಗೆ ಅಗೆದರೆ ಅದನ್ನು ಹಿಡಿದಿರುವ ಮಣ್ಣು ಸಡಿಲಾಗುತ್ತದೆ, ಗೋಡೆ ಕೂರುತ್ತದೆ. ಮಳೆ ನೀರು, ಕಾರು ತೊಳೆದ ನೀರು ಎಲ್ಲ ಆ ತಗ್ಗಿಗೇ ಬಂದು ನಿಲ್ಲುತ್ತದೆ, ಅದಕ್ಕೆ ಪಂಪ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಫ್ಯೂಯಲ್ ಲೈನ್ ಬಿಚ್ಚಿದಾಗ ಸೋರಿದ ಸ್ವಲ್ಪ ಪೆಟ್ರೋಲಿನ ಆವಿಯೂ ತಗ್ಗಿನಲ್ಲಿ ಇಳಿದು ನಿಂತಿರುತ್ತದೆ. ಅಲ್ಲೊಂದು ಮಾಮೂಲಿ ಬಲ್ಬ್ ಒಡೆದರೆ, ಸ್ವಿಚ್ಚಿನಲ್ಲಿ ಕಿಡಿ ಹಾರಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಮನೆಗೆ ಅಂಟಿಕೊಂಡಿರುವ ಗ್ಯಾರೇಜಿನಲ್ಲಿ ಗುಂಡಿ ತೋಡಲು ಎಷ್ಟೋ ಕಡೆ ಅನುಮತಿ ಸಿಗದೇ ಇರುವುದಕ್ಕೆ ಇದೂ ಒಂದು ಕಾರಣ. ಕಟ್ಟಡದ ಎಂಜಿನಿಯರ್ ಬಂದು ನೋಡಿ, ಪಾಯದ ಆಳ ಪರೀಕ್ಷಿಸಿ, ಗಾಳಿ ಹೊರಹಾಕುವ ವ್ಯವಸ್ಥೆ ಸಮೇತ ನಕ್ಷೆ ಹಾಕಿಕೊಟ್ಟರೆ ಮಾಡಿಸಿ. ಸುಮ್ನೆ ಮೇಸ್ತ್ರಿಗೆ ಹೇಳಿ ಅಗೆಸಬೇಡಿ.

ಸೂರನ್ನೇ ಮೇಲಕ್ಕೆ ಸರಿಸುವುದೂ ಅದೇ ಜಾತಿಯ ಕೆಲಸ. ಮರದ ಟ್ರಸ್ ಆಗಿದ್ದರೆ ಅದರ ಕೆಳಗಿನ ಅಡ್ಡ ಮರ ಬರೀ ಸೀಲಿಂಗ್ ಹೊಡೆಯಲಿಕ್ಕೆ ಇರುವುದಲ್ಲ. ಮಾಡಿನ ಭಾರಕ್ಕೆ ಎರಡೂ ಗೋಡೆ ಹೊರಗೆ ಬಾಗದ ಹಾಗೆ ಎಳೆದು ಹಿಡಿದಿರುವುದೇ ಅದು. ಕಾಂಕ್ರೀಟ್ ತೊಲೆ ಆಗಿದ್ದರೆ ಮುಖ್ಯವಾದ ಕಂಬಿಗಳು ಇರುವುದು ತೊಲೆಯ ಕೆಳಭಾಗದಲ್ಲಿ, ನೀವು ಕೆತ್ತಬೇಕು ಅಂದುಕೊಳ್ಳುವ ಜಾಗದಲ್ಲೇ. ಎರಡನ್ನೂ ಮುಟ್ಟಬೇಡಿ. ತೊಲೆಗೆ ಬೇರೆ ಉಪಾಯವಿದೆ. ಕಾರಿನ ಅತಿ ಎತ್ತರದ ಭಾಗ ತೊಲೆಯ ಕೆಳಗೆ ಬರದೆ, ತೊಲೆ ಬಾನೆಟ್ ಮೇಲೋ ಡಿಕ್ಕಿ ಮೇಲೋ ಬರುವ ಹಾಗೆ ಲಿಫ್ಟನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸಿದರೆ ಸೆಡಾನಿಗೆ 4 ಇಂಚು ಪುಕ್ಕಟೆ ಸಿಕ್ಕಿತು.

ಕಂಬ ಕತ್ತರಿಸುವ ವಿಚಾರ. ನಿಮಗೆ ಸಿಗುತ್ತಿರುವ ಹನ್ನೆರಡು ಅಡಿಯ ಲಿಫ್ಟಿನಲ್ಲಿ ಎರಡು ಕಂಬಗಳನ್ನು ಮೇಲೆ ಒಂದು ಅಡ್ಡಪಟ್ಟಿ ಜೋಡಿಸಿರುತ್ತದೆ. ಎರಡೂ ಕಡೆಯ ತೋಳುಗಳು ಒಂದೇ ಸಮ ಮೇಲೇರುವ ಹಾಗೆ ನೋಡಿಕೊಳ್ಳುವ ಉಕ್ಕಿನ ಹಗ್ಗ, ಹೈಡ್ರಾಲಿಕ್ ಹೋಸ್ ಎಲ್ಲ ಅದರ ಮೂಲಕವೇ ಹಾದುಹೋಗುತ್ತವೆ. ಕಂಬ ಕತ್ತರಿಸಿದರೆ ಹಗ್ಗದ ಉದ್ದ ಬದಲಾಗುತ್ತದೆ, ಸಿಲಿಂಡರ್ ಪೂರ್ತಿ ಚಾಚಲು ಜಾಗ ಇರುವುದಿಲ್ಲ, ಕಾರಿನ ತಲೆ ತಾಗಿದರೆ ಮೋಟಾರ್ ನಿಲ್ಲಿಸುವ ಮೇಲಿನ ಸುರಕ್ಷಾ ಪಟ್ಟಿಯ ಲೆಕ್ಕವೂ ತಪ್ಪುತ್ತದೆ. ಲಿಫ್ಟುಗಳನ್ನು ಅಮೆರಿಕದ ಎಎನ್‌ಎಸ್‌ಐ-ಎಎಲ್‌ಐ ಮಾನದಂಡಕ್ಕೋ ಯುರೋಪಿನ ಇಎನ್ 1493 ಮಾನದಂಡಕ್ಕೋ ಪರೀಕ್ಷೆ ಮಾಡಿರುತ್ತಾರಲ್ಲ, ಗರಗಸ ಇಟ್ಟ ಕ್ಷಣಕ್ಕೆ ಆ ಪರೀಕ್ಷೆಗೆ ಬೆಲೆ ಇಲ್ಲ. ಮಾಡಿದವರಿದ್ದಾರೆ, ಇನ್ನೂ ಬಿದ್ದಿಲ್ಲ ಅಂತಾರೆ. ನಾನು ಅದರ ಕೆಳಗೆ ಹೋಗುವುದಿಲ್ಲ.

ಹಾಗಾದರೆ ನಿಮಗೆ ಉಳಿಯುವ ದಾರಿಗಳು ಯಾವುವು? ಎರಡು ಕಂಬದ್ದೇ ಬೇಕು ಅಂದರೆ ಹಗ್ಗಗಳು ಮೇಲಿನ ಬದಲು ನೆಲದಲ್ಲಿ, ಒಂದು ತಗಡಿನ ಅಡಿಯಲ್ಲಿ ಹಾದುಹೋಗುವ ಮಾದರಿಗಳಿವೆ. ಇವುಗಳ ಕಂಬ ಸಾಮಾನ್ಯವಾಗಿ 9 ಅಡಿ ಆಸುಪಾಸು, ನಿಮಗೆ ಅದೂ ಎತ್ತರವೇ. ಇನ್ನೂ ಗಿಡ್ಡ, ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ ಇರುವ ಕಂಬದ ಲಿಫ್ಟುಗಳೂ ಬರುತ್ತವೆ. ಇವು ನಾಲ್ಕಡಿ ಹತ್ತಿರ ಎತ್ತುತ್ತವೆ, ಕೆಲವನ್ನು ಬೋಲ್ಟ್ ಬಿಚ್ಚಿ ಮೂಲೆಗೆ ಸರಿಸಿಡಲೂಬಹುದು. ಚಕ್ರಗಳು ನೇತಾಡುತ್ತವೆ, ಹೊಟ್ಟೆಯ ಭಾಗ ಪೂರ್ತಿ ಖಾಲಿ ಸಿಗುತ್ತದೆ. ಬ್ರೇಕ್, ಸಸ್ಪೆನ್ಷನ್, ಮುಂದೊಂದು ದಿನ ಗೇರ್ ಬಾಕ್ಸ್ ಇಳಿಸುವ ಆಸೆ ಬಂದರೆ ಅದಕ್ಕೂ ಇದೇ ಸರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಆರಿಸುತ್ತಿದ್ದೆ, ನೆಲ ಗಟ್ಟಿ ಇದ್ದರೆ ಮಾತ್ರ.

ಇಂಥ ಕಂಬ ಆರಿಸುವಾಗ ಎಲ್ಲರೂ ಮರೆಯುವ ಒಂದು ಲೆಕ್ಕ ಹೇಳುತ್ತೇನೆ. ಕಂಬ ಮಲಗಿಕೊಂಡು ಬರುತ್ತದೆ, ನೀವು ಅದನ್ನು ಎತ್ತಿ ನಿಲ್ಲಿಸಬೇಕು. ನಿಲ್ಲಿಸುವಾಗ ಮೂಲೆಯಿಂದ ಮೂಲೆಗೆ ಇರುವ ಅಳತೆ ಕಂಬದ ಎತ್ತರಕ್ಕಿಂತ ಜಾಸ್ತಿ. 100 ಇಂಚಿನ ಕಂಬ, 20 ಇಂಚು ಅಗಲದ ತಳ ಅಂದರೆ ಓರೆ ಅಳತೆ 102 ಇಂಚು, ನಿಮ್ಮ ಸೂರಿಗೆ ಬರೋಬ್ಬರಿ ತಾಗುತ್ತದೆ. ನಿಂತ ಮೇಲೆ ಹಿಡಿಸುತ್ತದೆ, ನಿಲ್ಲಿಸಲು ಆಗುವುದಿಲ್ಲ! ಕೆಲವು ಲಿಫ್ಟುಗಳಲ್ಲಿ ಪೂರ್ತಿ ಮೇಲೇರಿದಾಗ ಒಳಗಿನ ಭಾಗ ಕಂಬದ ತುದಿಯನ್ನೂ ದಾಟಿ ಹೊರಬರುತ್ತದೆ, ಅದನ್ನೂ ಕೇಳಿಕೊಳ್ಳಿ.

ಎರಡನೆಯದು ಕತ್ತರಿ ಲಿಫ್ಟ್. ನೆಲದ ಮೇಲೆ ಮಡಚಿ ಮಲಗಿರುತ್ತದೆ, ಕಂಬದ ತಾಪತ್ರಯವೇ ಇಲ್ಲ, ನಾಲ್ಕಡಿವರೆಗೆ ಎತ್ತುವ ಮಾದರಿಗಳಿವೆ. ತೊಂದರೆ ಏನೆಂದರೆ ಅದರ ಕಾಲುಗಳು ಕಾರಿನ ಹೊಟ್ಟೆಯ ಕೆಳಗೇ ಇರುತ್ತವೆ, ಸೈಲೆನ್ಸರ್ ಪೈಪ್, ಗೇರ್ ಬಾಕ್ಸ್ ಕಡೆ ಕೈ ಸುಲಭವಾಗಿ ಹೋಗುವುದಿಲ್ಲ. ಮಡಚಿದಾಗಲೂ ನಾಲ್ಕೈದು ಇಂಚು ಎತ್ತರ ಇರುವುದರಿಂದ ತಗ್ಗಿನ ಕಾರು ಅದರ ಮೇಲೆ ಹಾಯುವಾಗ ಹೊಟ್ಟೆ ಉಜ್ಜಬಹುದು. ಮುಂದೆ ಎಲೆಕ್ಟ್ರಿಕ್ ಕಾರು ತಗೊಳ್ಳುವ ಯೋಚನೆ ಇದ್ದರೆ ಇನ್ನೊಂದು ವಿಷಯ: ಬ್ಯಾಟರಿ ಇರುವುದೇ ಹೊಟ್ಟೆಯಲ್ಲಿ. ಲಿಫ್ಟಿನ ಪ್ಯಾಡ್ ತಯಾರಕರು ಹೇಳಿದ ಅಂಚಿನ ಬಿಂದುವಿನಲ್ಲೇ ಕೂರಬೇಕು, ಬ್ಯಾಟರಿ ಪೆಟ್ಟಿಗೆಯ ಮೇಲೆ ಒತ್ತಬಾರದು.

ನಾಲ್ಕು ಕಂಬದ ಲಿಫ್ಟೂ ನಿಮ್ಮ ಸೂರಿಗೆ ಹಿಡಿಸುತ್ತದೆ, ಅದರ ಕಂಬ ಏಳಡಿ ಹತ್ತಿರ ಇರುತ್ತದೆ. ಆದರೆ ಕಾರು ಚಕ್ರದ ಮೇಲೇ ನಿಂತಿರುತ್ತದೆ. ಬ್ರೇಕ್ ಕೆಲಸಕ್ಕೆ ಹಲಗೆಗಳ ನಡುವೆ ಓಡಾಡುವ ಇನ್ನೊಂದು ಜಾಕ್ ಬೇಕು. ಆಯಿಲ್ ಬದಲಿಸುವವರಿಗೆ, ಕಾರು ನಿಲ್ಲಿಸುವವರಿಗೆ ಒಳ್ಳೆಯದು. ನಿಮ್ಮ ಕೆಲಸದ ಪಟ್ಟಿ ನೋಡಿದರೆ ನಿಮಗೆ ಬೇಸರ ಬರುತ್ತದೆ.

ಇನ್ನು ಎರಡು ಪಕ್ಕದಲ್ಲಿ ಇಟ್ಟು ಎತ್ತುವ, ಗೋಡೆಗೆ ತೂಗುಹಾಕಿಡಬಹುದಾದ ಗಿಡ್ಡ ಜಾಕ್ ಚೌಕಟ್ಟುಗಳಿವೆ. ಒಂದೂವರೆ ಎರಡು ಅಡಿ ಎತ್ತುತ್ತವೆ. ಎಸ್‌ಯುವಿಗೆ ಹೇಗೂ ನಿಮಗೆ ಸಿಗುವುದು 25 ಇಂಚು ತಾನೇ? ಅದೊಂದಕ್ಕೇ ಆದರೆ ಇದೇ ಸಾಕು. ಮಲಗುವುದು ತಪ್ಪುವುದಿಲ್ಲ, ಆದರೆ ಆರಾಮಾಗಿ ಮಲಗಬಹುದು.

ನೆಲದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಸೂರಿನ ಅಳತೆಯಲ್ಲ, ಕೊನೆಯ ಆ ಒಂದು ಸಾಲು. ಎರಡು ಕಂಬದ ಲಿಫ್ಟಿನಲ್ಲಿ ಕಾರು ಕಂಬದ ಪಕ್ಕದಲ್ಲಿ ತೋಳುಗಳ ಮೇಲೆ ಇರುತ್ತದೆ. ಹಾಗಾಗಿ ಕಂಬ ಒಳಗೆ ವಾಲಲು ಸದಾ ನೋಡುತ್ತಿರುತ್ತದೆ, ಹೊರಬದಿಯ ಬೋಲ್ಟುಗಳು ನೆಲದಿಂದ ಮೇಲಕ್ಕೆ ಕಿತ್ತು ಬರಲು ಎಳೆಯುತ್ತಿರುತ್ತವೆ, ಗಾಳಿಗೆ ಸಿಕ್ಕ ಡೇರೆಯ ಗೂಟದ ಹಾಗೆ. ಒಂದೂವರೆ ಟನ್ ಕಾರನ್ನು ಹಿಡಿದಿರುವುದು ಕೊನೆಗೆ ಆ ಕೆಲವು ಬೋಲ್ಟುಗಳೂ ಅವುಗಳ ಸುತ್ತಲಿನ ಕಾಂಕ್ರೀಟೂ. ನಾಲ್ಕು ಕಂಬದ್ದರಲ್ಲಿ ಭಾರ ಬರೀ ಕೆಳಕ್ಕೆ ಒತ್ತುವುದರಿಂದ ಅದು ನೆಲದ ವಿಷಯದಲ್ಲಿ ಇಷ್ಟು ಹಟ ಮಾಡುವುದಿಲ್ಲ.

ಎರಡು ಕಂಬದ ಹೆಚ್ಚಿನ ಲಿಫ್ಟುಗಳ ಕೈಪಿಡಿಯಲ್ಲಿ ಕನಿಷ್ಠ 4 ಇಂಚು ದಪ್ಪ, 3000 ಪಿಎಸ್‌ಐ (ಚದರ ಇಂಚಿಗೆ 3000 ಪೌಂಡ್ ಒತ್ತಡ ತಡೆಯುವ) ಬಲದ ಕಾಂಕ್ರೀಟ್ ಕೇಳುತ್ತಾರೆ, ಕೆಲವು ಇನ್ನೂ ಜಾಸ್ತಿ ಕೇಳುತ್ತವೆ. ನೀವು ಕೊಳ್ಳುವ ಮಾದರಿ ಏನು ಹೇಳುತ್ತದೋ ಅದೇ ಕೊನೆ ಮಾತು. ದಪ್ಪ ಅಳೆಯಲು ಕಂಬ ನಿಲ್ಲುವ ಜಾಗದಲ್ಲೇ ಸಣ್ಣ ತೂತು ಕೊರೆದು, ತುದಿ ಬಾಗಿಸಿದ ತಂತಿ ಇಳಿಸಿ, ಸ್ಲ್ಯಾಬಿನ ತಳಕ್ಕೆ ಸಿಕ್ಕಿಸಿ ಅಳೆಯಿರಿ. ಬಾಗಿಲ ಹತ್ತಿರದ ಅಂಚು ನೋಡಿ ದಪ್ಪ ಇದೆ ಅಂದುಕೊಳ್ಳಬೇಡಿ. ಅಂಚಿನಲ್ಲಿ ದಪ್ಪ ಹಾಕಿ ನಡುವೆ ತೆಳ್ಳಗೆ ಮಾಡುವುದು ಮಾಮೂಲಿ. ಕೊರೆಯುವ ಮೊದಲು ನೆಲದೊಳಗೆ ಬಿಸಿನೀರಿನ ಪೈಪ್, ವೈರ್, ಬಿಗಿದು ಎಳೆದ ಉಕ್ಕಿನ ಹಗ್ಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆ ಕೊನೆಯದು ಇದ್ದರೆ ಡ್ರಿಲ್ ಮುಟ್ಟಲೇಬೇಡಿ, ಹಗ್ಗ ತುಂಡಾದರೆ ನೆಲವನ್ನೇ ಸೀಳಿಕೊಂಡು ಬರಬಹುದು. ಗ್ಯಾರೇಜಿನ ಕೆಳಗೆ ಇನ್ನೊಂದು ಕೋಣೆ ಇದ್ದರೆ, ಅಂದರೆ ನೆಲ ತೂಗುಸ್ಲ್ಯಾಬ್ ಆಗಿದ್ದರೆ, ಎಂಜಿನಿಯರ್ ಒಪ್ಪದೆ ಮುಂದೆ ಹೋಗಬೇಡಿ.

ಕಾಂಕ್ರೀಟ್ ತೆಳ್ಳಗಿದ್ದರೆ ಮೇಲೆ ಇನ್ನೆರಡು ಇಂಚು ಹಾಕಿಸಿದರಾಯಿತು ಅನ್ನುವ ನಂಬಿಕೆ ಬಹಳ ಜನರಿಗಿದೆ. ಆಗುವುದಿಲ್ಲ. ಹಳೆಯದು, ಹೊಸದು ಎರಡು ಪದರಗಳಾಗಿಯೇ ಇರುತ್ತವೆ, ಬೋಲ್ಟ್ ಎಳೆದಾಗ ಮೇಲಿನದು ಎದ್ದು ಬರುತ್ತದೆ. ಸರಿಯಾದ ಕ್ರಮ ಅಂದರೆ ಕಂಬದ ಜಾಗದಲ್ಲಿ ಹಳೆ ನೆಲ ಚೌಕವಾಗಿ ಕತ್ತರಿಸಿ ತೆಗೆದು, ಕಂಬಿ ಕಟ್ಟಿ, ದಪ್ಪನೆಯ ಹೊಸ ಕಾಂಕ್ರೀಟ್ ಹಾಕಿ, 28 ದಿನ ಬಿಡುವುದು. ಚೌಕ ಎಷ್ಟು ಅಗಲ, ಎಷ್ಟು ಆಳ ಅನ್ನುವುದು ಲಿಫ್ಟಿನ ಕೈಪಿಡಿಯಲ್ಲಿರುತ್ತದೆ. ಬೋಲ್ಟ್ ಬಿಗಿಯುವಾಗ ಟಾರ್ಕ್ ರೆಂಚ್ ಬಳಸಿ. ಹೇಳಿದ ಬಿಗಿ ಬರದೆ ಬೋಲ್ಟ್ ಸುಮ್ನೆ ಸುತ್ತುತ್ತಲೇ ಇದ್ದರೆ ಕಾಂಕ್ರೀಟ್ ಸೋತಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ. ಕೆಲವು ಸಲ ಬಳಸಿದ ಮೇಲೆ ಮತ್ತೆ ಬಿಗಿ ಪರೀಕ್ಷಿಸಿ.

ನಿಮ್ಮಂಥ ಸೂರಿನ ಕೆಳಗೆ ಇನ್ನೊಂದು ಅಗತ್ಯ ಇದೆ: ತಾನಾಗಿ ನಿಲ್ಲುವ ವ್ಯವಸ್ಥೆ. ಗಿಡ್ಡ ಲಿಫ್ಟುಗಳಿಗೆ ಮೇಲೆ ಅಡ್ಡಪಟ್ಟಿ ಇಲ್ಲ, ಹಾಗಾಗಿ ಕಾರು ಸೂರಿಗೆ ತಾಗಿದರೂ ಮೋಟಾರ್ ತಳ್ಳುತ್ತಲೇ ಇರುತ್ತದೆ. ಕಂಬದ ಮೇಲೆ ಲಿಮಿಟ್ ಸ್ವಿಚ್, ಇಲ್ಲವೇ ಸೂರಿಗಿಂತ (ಕಾರಿನ ತಲೆ ತೊಲೆಯ ಕೆಳಗೆ ಬರುವುದಾದರೆ ತೊಲೆಗಿಂತ) ನಾಲ್ಕು ಇಂಚು ಕೆಳಗೆ ಗೋಡೆಯಿಂದ ಗೋಡೆಗೆ ಬೆಳಕಿನ ಸೆನ್ಸರ್ ಹಾಕಿಸಿ, ಎಲೆಕ್ಟ್ರಿಷಿಯನ್ ಅದನ್ನು ಮೋಟಾರಿಗೆ ಜೋಡಿಸಲಿ. ಎರಡು ಕಾರಿಗೆ ಎರಡು ಬೇರೆ ಎತ್ತರ ಇರುವುದರಿಂದ ನಿಮಗೆ ಬೆಳಕಿನದೇ ವಾಸಿ, ಅದು ಯಾವ ಕಾರು ಅಂತ ನೋಡುವುದಿಲ್ಲ. ಬಾನೆಟ್ ತೆರೆಯುವ ಅಭ್ಯಾಸದ ಮೇಲೂ ಕಣ್ಣಿಡಿ. ಕಾರು ಮೇಲಿರುವಾಗ ಬಾನೆಟ್ ಎತ್ತಿದರೆ ಸೂರಿಗೆ ಬಡಿಯುತ್ತದೆ. ಎಸ್‌ಯುವಿಯ ಹಿಂಬಾಗಿಲು ಬಟನ್ ಒತ್ತಿದರೆ ತಾನೇ ತೆರೆಯುವಂಥದ್ದಾದರೆ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಕೆಳಗೆ ಕೂರಬೇಡಿ, ಮನೆಯೊಳಗೆ ಇಟ್ಟು ಬನ್ನಿ.

ಎತ್ತಿದ ಮೇಲೆ ಸ್ವಲ್ಪ ಇಳಿಸಿ, ಉಕ್ಕಿನ ಬೀಗಗಳ ಮೇಲೆ ಭಾರ ಕೂರಿಸಿ, ಆಮೇಲಷ್ಟೇ ಕೆಳಗೆ ಹೋಗಿ. ಹೈಡ್ರಾಲಿಕ್ ಒತ್ತಡವೊಂದನ್ನೇ ನಂಬಿ ಕಾರಿನ ಕೆಳಗೆ ಇರಬಾರದು. ಈ ಬೀಗಗಳು ಕೆಲವು ಇಂಚಿಗೊಂದರಂತೆ ಇರುತ್ತವೆ. ನಿಮ್ಮ 36 ಇಂಚಿನ ಮಿತಿ ಎರಡು ಬೀಗಗಳ ನಡುವೆ ಬಂದರೆ ನಿಜವಾಗಿ ಸಿಗುವುದು ಕೆಳಗಿನ ಬೀಗದ ಎತ್ತರ. ಕೊಳ್ಳುವ ಮೊದಲು ಬೀಗಗಳ ಎತ್ತರದ ಪಟ್ಟಿ ತರಿಸಿಕೊಂಡು ಮೇಲಿನ ಲೆಕ್ಕದ ಜೊತೆ ಹೋಲಿಸಿ ನೋಡಿ.

ಸದ್ಯಕ್ಕೆ ಲಿಫ್ಟ್ ಕೊಡುತ್ತೇನೆ ಅಂದವರಿಗೆ ಬೇಡ ಅಂತ ಹೇಳಿಬಿಡಿ, ಮುಂಗಡ ಗಿಂಗಡ ಕೊಡಬೇಡಿ. ಬಾಗಿಲು ತೆರೆದಾಗಿನ ಎತ್ತರ, ತೊಲೆ ಹಿಂದಿನ ಗೋಡೆಯಿಂದ ಎಷ್ಟು ದೂರ, ಗ್ಯಾರೇಜಿನ ಅಗಲ, ಎರಡು ಜಾಗದಲ್ಲಿ ಕೊರೆದು ಅಳೆದ ಕಾಂಕ್ರೀಟಿನ ದಪ್ಪ, ಇಷ್ಟನ್ನು ಬರೆದು ಕಳಿಸಿ. ಕಂಬ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಆಮೇಲೆ ನೋಡೋಣ.